ಮುಖಕ್ಕೆ ಕೊಟ್ಟ ಕೋಟು

ಶಾಂತಾ ಕೋಟು ಕೇಳಲು ಹೋದ ಮೊದಲ ದಿನ ಶೋಶೋ ಅವಳನ್ನು ಹೊಸ್ತಿಲಿನಿಂದಲೇ ಅಟ್ಟಿದಳು. ಮುಂದಿನ ವಾರ ಹೋದಾಗ ಒಳಗಿದ್ದೂ ಬಾಗಿಲು ತೆರೆಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಾಕಪ್ಪಾ ಸಾಕು ಎಂದು ಸುಮ್ಮನಾಗುತ್ತಿದ್ದರು. ಶಾಂತಾ ಹಾಗಲ್ಲ. ಧಾರವಾಡ ಬಿಟ್ಟು ನೈರೋಬಿಗೆ ಬಂದು ಹದಿನೈದು ವರ್ಷವಾಗಿದ್ದರೂ ಅವಳ ಹಟ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ಬೇಕು ಅಂದರೆ ಬೇಕೇ ಬೇಕು.

ಶೋಶೋ ಅಂದರೆ ಅಜ್ಜಿ. ಪಾರ್ಕ್‌ಲ್ಯಾಂಡ್ಸ್‌ನಲ್ಲಿರುವ ಶಾಂತಾಳ ಫ್ಲ್ಯಾಟಿಗೆ ಕೆಲಸಕ್ಕೆ ಬರುವ ನ್ಯೋಕಾಬಿಯ ತಾಯಿ ಅವಳು. ಕಾಂಗೆಮಿಯ ಓಣಿಯೊಂದರಲ್ಲಿ ತಗಡಿನ ಮನೆ, ಕಣ್ಣಿಗೆ ಪೊರೆ, ಬಾಯಿ ಮಾತ್ರ ಕತ್ತಿ. ನ್ಯೋಕಾಬಿ ಇನ್ನೂ ಹೊಟ್ಟೆಯಲ್ಲಿದ್ದಾಗಲೇ ಶೋಶೋಳ ಗಂಡ ಬ್ರಿಟಿಷರ ವಿರುದ್ಧ ಹೋರಾಡಲು ಕಾಡು ಸೇರಿದ್ದ. ಒಮ್ಮೆ ರಾತ್ರಿ ಬಂದು ಹರಿದ ಉಣ್ಣೆಯ ಕೋಟನ್ನು ಬಿಚ್ಚಿ, ಹೊಲಿದಿಡು, ನಾಳಿದ್ದು ಬರುತ್ತೇನೆ ಎಂದು ಹೋದವನು ಸಿಕ್ಕಿಬಿದ್ದ. ಕೊಂದ ಸಿಪಾಯಿಗಳು ಹೆಣವನ್ನೂ ಕೊಡಲಿಲ್ಲ, ಎಲ್ಲಿ ಹೂತೆವು ಎಂದೂ ಹೇಳಲಿಲ್ಲ. ಒಂದು ಫೋಟೋ ಇಲ್ಲ, ಒಂದು ಗೋರಿ ಇಲ್ಲ. ಉಳಿದದ್ದು ಆ ಕೋಟು. ಮೊದಲು ಬಿಳಿಯರಿಗೆ ಹೆದರಿ, ಆಮೇಲೆ ತಮ್ಮದೇ ಸರಕಾರಕ್ಕೆ ಹೆದರಿ ಮುದುಕಿ ಅದನ್ನು ಜೋಳದ ಚೀಲದ ತಳದಲ್ಲಿ ಬಚ್ಚಿಟ್ಟುಕೊಂಡೇ ಬಂದಿದ್ದಳು. ಕಾಡಿನ ಹೋರಾಟಗಾರರ ಮೇಲಿದ್ದ ನಿಷೇಧವನ್ನು ಸರಕಾರ ತೆಗೆದು ಮೂರೇ ವರ್ಷವಾಗಿತ್ತು.

ಆ ಕೋಟಿನ ಮೇಲೆ ಶಾಂತಾಳ ಕಣ್ಣು ಬಿದ್ದದ್ದು ಕನ್ನಡ ಬಳಗದ ದೆಸೆಯಿಂದ. ಎರಡು ಸಾವಿರದ ಆರರ ನವೆಂಬರಿಗೆ ಶ್ರೀಗಂಧ ಬಳಗದ ಬೆಳ್ಳಿಹಬ್ಬ. ಬಳಗದ ಅಧ್ಯಕ್ಷರು ಬದರೀನಾಥ, ಔಷಧಿ ಕಾರ್ಖಾನೆಯೊಂದರ ಜನರಲ್ ಮ್ಯಾನೇಜರು. ಶಾಂತಾಳ ಗಂಡ ಮಧುಕರ ಅದೇ ಕಾರ್ಖಾನೆಯಲ್ಲಿ ಅವರ ಕೈಕೆಳಗೆ. ಮೀಟಿಂಗಿನಲ್ಲಿ ಬದರೀನಾಥ ಎದ್ದು ನಿಂತು, "ನಾವು ಈ ದೇಶದ ಅನ್ನ ತಿಂತಿದೀವಿ. ಈ ಸಲ ಕರಿಯ ಜನರ ಲೀಡರ್ಸ್‌ನ ಗೌರವಿಸೋಣ. ಲೋಕಲ್ ಚೀಫ್ ಗೆಸ್ಟ್ ಕರೆಸೋಣ, ಒಳ್ಳೆ ಹೆಸರು ಬರುತ್ತೆ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರು ಪಟ ಎಂದು ತೀರ್ಮಾನವಾಯಿತು: ಅಮೆರಿಕದ ಲೂಥರ್ ಕಿಂಗ್, ಇಲ್ಲಿಯ ಕರಾವಳಿಯಲ್ಲಿ ಬ್ರಿಟಿಷರ ಎದುರು ತನ್ನ ಜನರನ್ನು ಎಬ್ಬಿಸಿದ ಹೆಂಗಸು ಮೇಕಾಟಿಲಿಲಿ, ಕಾಡಿನ ಹೋರಾಟಗಾರರ ಮುಖಂಡ ಕಿಮಾಥಿ. ಮೂರನ್ನೂ ಬಟ್ಟೆಯಲ್ಲಿ ಮಾಡಿಕೊಡುವವಳು ಶಾಂತಾ.

ಬಟ್ಟೆಯಲ್ಲಿ ಅಂದರೆ ಕೌದಿಯ ಹಾಗೆ. ತುಂಡಿನ ಮೇಲೆ ತುಂಡಿಟ್ಟು, ಉದ್ದಕ್ಕೂ ಬಿಳಿ ದಾರದ ಟಾಕು ಹಾಕಿ ಹೊಲಿಯುವುದನ್ನು ಅವಳು ತನ್ನ ಅಜ್ಜಿಯಿಂದ ಕಲಿತಿದ್ದಳು; ಅದೇ ಕೈಯಿಂದ ಮನುಷ್ಯರ ಮುಖ ಮಾಡುವುದನ್ನು ತಾನೇ ಕಂಡುಕೊಂಡಿದ್ದಳು. ಕೌದಿಗೆ ಯಾರೂ ಹೊಸ ಬಟ್ಟೆ ಹಾಕುವುದಿಲ್ಲ. ಉಟ್ಟು ಒಗೆದು ಮೆತ್ತಗಾದ, ಮೈ ಕಂಡ ಬಟ್ಟೆಯೇ ಆಗಬೇಕು. ಕಿಂಗ್ ಅವರಿಗೆ ಬಳಗದ ಗಂಡಸರ ಹಳೆಯ ಸೂಟುಗಳು ಬಂದವು. ಮೇಕಾಟಿಲಿಲಿಗೆ ತರಕಾರಿ ಮಾರುವ ಹೆಂಗಸರು ನಗುತ್ತ ತಾವು ಸೊಂಟಕ್ಕೆ ಸುತ್ತುವ ಹಳೆಯ ಲೆಸೋ ಬಟ್ಟೆಗಳನ್ನು ಕೊಟ್ಟರು. ಕಿಮಾಥಿಗೆ ಏನು ಎಂದು ಅವಳು ತಲೆ ಕೆರೆದುಕೊಳ್ಳುತ್ತಿದ್ದಾಗ ನ್ಯೋಕಾಬಿ ಪಾತ್ರೆ ಒರೆಸುತ್ತ, "ನಮ್ಮಪ್ಪನ ಕಾಡಿನ ಕೋಟು ಅಮ್ಮನ ಹತ್ತಿರ ಇದೆ," ಎಂದುಬಿಟ್ಟಳು. ಮುಗಿಯಿತು. ಶಾಂತಾಳಿಗೆ ನಿದ್ದೆ ಹತ್ತಲಿಲ್ಲ.

ಮತ್ತೆ ಹೋದ ದಿನ ಶೋಶೋ ಹೊರಗೆ ಬೀನ್ಸ್ ಬಿಡಿಸುತ್ತ ಕೂತಿದ್ದಳು. ಶಾಂತಾಳ ಮುಖ ನೋಡಿದವಳೇ ಶುರು ಮಾಡಿದಳು. ಅವಳ ಕಿಕುಯು ಮಾತನ್ನು ನ್ಯೋಕಾಬಿ ಸ್ವಾಹಿಲಿಯಲ್ಲಿ ಹೇಳುತ್ತ ಹೋದಳು.

"ಬಿಳಿಯರು ಗಂಡನನ್ನು ತಗೊಂಡರು, ಹೊಲ ತಗೊಂಡರು. ಆಮೇಲೆ ಬಂದ ನಮ್ಮವರು ಅದೇ ಹೊಲವನ್ನು ಹಂಚಿಕೊಂಡು ತಿಂದರು. ಇನ್ನು ಮಿಕ್ಕಿದ್ದು ಒಂದು ಕೋಟು. ಅದನ್ನು ಇಂಡಿಯಾದವಳಿಗೆ ಕೊಡಬೇಕಂತೆ! ನಾಚಿಕೆ ಆಗುವುದಿಲ್ಲವೇ ನಿನಗೆ?"

ಶಾಂತಾ ಏಳಲಿಲ್ಲ. ನೆಲದ ಮೇಲೆ ಕೂತು ತಾನೂ ಬೀನ್ಸ್ ಬಿಡಿಸತೊಡಗಿದಳು. ತನ್ನ ಅಜ್ಜಿ ಸತ್ತ ಮೇಲೆ ಅವಳ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯೊಳಗೇ ಮನೆಯ ಮಕ್ಕಳೆಲ್ಲ ಮಲಗಿ ಬೆಳೆದದ್ದನ್ನು ತನ್ನ ಹರಕುಮುರಕು ಸ್ವಾಹಿಲಿಯಲ್ಲಿ ಹೇಳಿದಳು. ಚೀಲದ ತಳದಲ್ಲಿದ್ದರೆ ಕೋಟನ್ನು ನುಸಿ ತಿನ್ನುತ್ತದೆ, ಕಿಮಾಥಿಯ ಮುಖವಾದರೆ ಜನ ಎದ್ದು ನಿಂತು ನೋಡುತ್ತಾರೆ ಎಂದಳು.

"ಯಾರು ಎದ್ದು ನಿಲ್ಲುತ್ತಾರೆ?"

"ಎಲ್ಲರೂ. ದೊಡ್ಡ ದೊಡ್ಡ ಮ್ಯಾನೇಜರುಗಳು. ನೀನು ಮೊದಲ ಸಾಲಿನಲ್ಲಿ ಕೂತಿರುತ್ತೀ."

"ಆಮೇಲೆ?"

"ಆಮೇಲೆ ಪಟ ನಿನ್ನ ಮನೆಗೇ. ನನ್ನ ಮೇಲೆ ಆಣೆ."

ಮುದುಕಿ ಮಿಕ್ಕ ಬೀನ್ಸನ್ನೆಲ್ಲ ಬಿಡಿಸಿ ಮುಗಿಸಿದಳು. ಆಮೇಲೆ ಒಳಗೆ ಹೋಗಿ ಕೋಟನ್ನು ತಂದು ಶಾಂತಾಳ ತೊಡೆಯ ಮೇಲೆ ಒಗೆದಳು. "ಕತ್ತರಿಸುವಾಗ ನನಗೆ ತೋರಿಸಬೇಡ," ಎಂದಳು.

ಶಾಂತಾ ಆ ಕೋಟನ್ನು ಒಗೆದು, ಒಣಗಿಸಿ, ಬಿಡಿಬಿಡಿ ಮಾಡಿದಳು. ಕಪ್ಪು ಅನ್ನುವುದು ಒಂದೇ ಬಣ್ಣವಲ್ಲ ಎಂಬುದು ಅವಳಿಗೆ ಆಗ ಗೊತ್ತಾಯಿತು. ಹೆಗಲ ಮೇಲೆ ಬಿಸಿಲು ತಿಂದು ಕಂದಾಗಿದ್ದ ಉಣ್ಣೆ ಕೆನ್ನೆಯ ಎಲುಬಿಗೆ ಬಂತು. ಜೇಬಿನೊಳಗೆ ಬೆಳಕೇ ಕಾಣದೆ ಕಪ್ಪಗೆ ಉಳಿದದ್ದು ಕಣ್ಣಿನ ಕೆಳಗಿನ ನೆರಳಿಗೆ. ಮೊಣಕೈ ಸವೆದು ಹೊಳೆಯುತ್ತಿದ್ದ ಜಾಗ ಹಣೆಗೆ. ಜಡೆಗಟ್ಟಿದ ಕೂದಲಿಗೆ ನ್ಯೋಕಾಬಿಯ ಹಳೆಯ ಕರಿ ಲೆಸೋವನ್ನು ಸೀಳಿ ಹುರಿ ಮಾಡಿದಳು. ಪಟ ಮುಗಿದ ದಿನ ನ್ಯೋಕಾಬಿ ಎದುರಿಗೆ ನಿಂತು, ಬಾಯಿಗೆ ಕೈ ಹಿಡಿದುಕೊಂಡು ಅತ್ತಳು. ಕಿಮಾಥಿಯಲ್ಲಿ ಅವಳು ಯಾರನ್ನು ಕಂಡಳೋ, ಶಾಂತಾ ಕೇಳಲಿಲ್ಲ. ತನಗೂ ಅಳು ಬಂದಿತ್ತು.

ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಬದರೀನಾಥರ ಹೆಂಡತಿ ಜಾಹ್ನವಿ ಪಟಗಳನ್ನು ನೋಡಲು ಬಂದಳು. ಮೈಸೂರಿನವಳು, ಬಳಗದ ಮಹಿಳಾ ವಿಭಾಗವೆಲ್ಲ ಅವಳದೇ ಕೈಯಲ್ಲಿ. ಕಾಫಿ ಕೊಟ್ಟ ಶಾಂತಾ, ಹೊಗಳಿಸಿಕೊಳ್ಳುವ ಆಸೆಗೆ, ಕೋಟಿನ ಕತೆಯನ್ನು ಅಡಿಯಿಂದ ಮುಡಿಯವರೆಗೆ ಹೇಳಿದಳು. ಜಾಹ್ನವಿ "ಓ, ರಿಯಲೀ?" ಎನ್ನುತ್ತ ಕಾಫಿ ಮುಗಿಸಿದಳು. ಫ್ರೇಮ್ ಹಾಕಿಸುವ ಜವಾಬ್ದಾರಿ ನಮ್ಮದು, ಎಂದು ಡ್ರೈವರನ ಕೈಯಲ್ಲಿ ಮೂರು ಪಟಗಳನ್ನೂ ಸ್ಪ್ರಿಂಗ್ ವ್ಯಾಲಿಯ ತನ್ನ ಬಂಗಲೆಗೆ ಒಯ್ಯಿಸಿದಳು.

ಸಮಾರಂಭದ ಭಾನುವಾರ ಶಾಂತಾ ಶೋಶೋ ಮತ್ತು ನ್ಯೋಕಾಬಿಯನ್ನು ತಾನೇ ಕಾರಿನಲ್ಲಿ ಕರೆತಂದಳು. ಮುದುಕಿ ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡಿದ್ದಳು. ಸಭಾಂಗಣದ ಬಾಗಿಲಲ್ಲಿ ಪನ್ನೀರು, ಕಲ್ಲುಸಕ್ಕರೆ, ಹಳದಿ ಕೆಂಪು ಬಾವುಟ. ವೇದಿಕೆಯ ನಡುವೆ ಭುವನೇಶ್ವರಿಯ ಫೋಟೋ, ದೀಪ. ಹಿಂದಿನ ಗೋಡೆಗೆ ಗಾಜಿಲ್ಲದ ಬರೀ ಚೌಕಟ್ಟಿನಲ್ಲಿ ಮೂರು ಪಟ, ಮೂರಕ್ಕೂ ಗಂಧದ ಹಾರ. ವೇದಿಕೆಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿತ್ತು. ಅದನ್ನು ಕತ್ತರಿಸಲು ತಟ್ಟೆಯಲ್ಲಿ ಕತ್ತರಿ.

ಶಾಂತಾ ಅವರಿಬ್ಬರನ್ನು ಮೊದಲ ಸಾಲಿನಲ್ಲಿ ಕೂರಿಸಿ ತಲೆ ಎತ್ತಿದಳು. ಕಿಂಗ್ ಸರಿಯಾಗಿದ್ದರು. ಮೇಕಾಟಿಲಿಲಿ ಸರಿಯಾಗಿದ್ದಳು. ಕಿಮಾಥಿಯ ಕೂದಲು ತಾನು ಮಾಡಿದ್ದೇ, ಅಂಗಿ ತಾನು ಮಾಡಿದ್ದೇ. ಮುಖ ತಾನು ಮಾಡಿದ್ದಲ್ಲ! ಹಾರದ ನಡುವೆ ಗೋಧಿ ಬಣ್ಣದ ರೇಷ್ಮೆಯ ಮುಖವೊಂದು ಲೈಟಿಗೆ ಪಳಪಳ ಹೊಳೆಯುತ್ತಿತ್ತು. ಕೆನ್ನೆ ಉಬ್ಬಿ, ಮೂಗು ನೆಟ್ಟಗಾಗಿ, ಮದುವೆ ಆಲ್ಬಮ್ಮಿನ ಮದುಮಗನ ಹಾಗೆ ಇತ್ತು.

ಅವಳ ಅಂಗಾಲಿನಿಂದ ನೆತ್ತಿಗೆ ಬೆಂಕಿ ಏರಿತು. ಶೋಶೋಗೆ ಪೊರೆ ಬಂದ ಕಣ್ಣು, ದೂರದ್ದು ಕಾಣದು. "ಬಂದೆ," ಎಂದು ನ್ಯೋಕಾಬಿಗೆ ಹೇಳಿ ಶಾಂತಾ ವೇದಿಕೆಯ ಪಕ್ಕದ ಕೋಣೆಗೆ ನುಗ್ಗಿದಳು. ಜಾಹ್ನವಿ ಅಲ್ಲಿ ಆರತಿಯ ತಟ್ಟೆ ಜೋಡಿಸುತ್ತಿದ್ದಳು.

"ಕಿಮಾಥಿ ಮಾರಿ ಎಲ್ಲದ?"

"ಶಾಂತಾ, ಟೆನ್ಷನ್ ಆಗ್ಬೇಡಿ. ಕೂತ್ಕೊಳಿ ಮೊದ್ಲು. ನಾನೇ ಫೋನ್ ಮಾಡೋಣ ಅಂತಿದ್ದೆ, ಕೆಲಸದಲ್ಲಿ ಆಗ್ಲೇ ಇಲ್ಲ."

"ಎಲ್ಲದ ಅಂತ ಕೇಳಿದೆ."

ಜಾಹ್ನವಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನೀವೇ ಯೋಚ್ನೆ ಮಾಡಿ. ದೇವಿಗೆ ಪೂಜೆ ಮಾಡಿ ದೀಪ ಹಚ್ಚೋ ಜಾಗ. ಅಲ್ಲಿ ಸತ್ತೋರು ಹಾಕ್ಕೊಂಡಿದ್ದ ಕೋಟ್ ನೇತು ಹಾಕೋಕಾಗುತ್ತಾ? ಅದೂ ಎಲ್ಲೆಲ್ಲಿ ಬಿದ್ದಿತ್ತೋ ಏನೋ. ಮುಖನೂ ತೀರಾ ಡಾರ್ಕ್ ಆಗಿತ್ತು ರೀ, ಫೋಟೋದಲ್ಲಿ ಕಣ್ಣು ಮೂಗು ಏನೂ ಬರಲ್ಲ ಅಂದ್ರು. ನಮ್ಮ ಟೈಲರ್ ಕೈಲಿ ರಾ ಸಿಲ್ಕ್ ಹಾಕಿಸ್ದೆ. ಎಷ್ಟು ಗ್ರ್ಯಾಂಡ್ ಆಗಿದೆ ನೋಡಿ! ಎಲ್ಲಾ ನಿಮ್ಮ ಹೆಸ್ರಿಗೇ."

"ತೆಗೆದದ್ದು ಎಲ್ಲಿಟ್ಟೀರಿ?"

"ಅಯ್ಯೋ, ಅದನ್ನ ಮನೇಲಿ ಇಟ್ಕೊಳಕ್ಕಾಗುತ್ತಾ? ಮಾಲಿ ಎಲೆ ಸುಡ್ತಿದ್ದ, ಅದ್ರಲ್ಲೇ ಹಾಕಿಸ್ದೆ. ಆಮೇಲೆ ನಾನು ತಲೆಗೆ ಸ್ನಾನ ಮಾಡ್ದೆ."

ಎಲೆಯ ಜತೆಗೆ. ಗಂಡನ ಹೆಣ ಸಿಗದ ಹೆಂಗಸು ಒಂದು ಆಯುಷ್ಯವಿಡೀ ಕಾಯ್ದುಕೊಂಡದ್ದನ್ನು ಇವಳು ಉದುರಿದ ಎಲೆಯ ಜತೆಗೆ ಸುಟ್ಟು, ತಲೆಗೆ ಎರೆದುಕೊಂಡು ಮಡಿಯಾಗಿದ್ದಳು!

"ಜಾಹ್ನವಿ ಅವರೇ, ಹೋದ ವರ್ಷ ನಿಮ್ಮ ಮೊಮ್ಮಗಂಗ ನನ್ನ ಕಡೆ ಕೌದಿ ಹೊಲಿಸಿಕೊಂಡ್ರಿ. ನೆನಪದ ಇಲ್ಲ? ಅದರೊಳಗ ತೀರಿಹೋದ ನಿಮ್ಮ ತಾಯಿಯವರ ಸೀರಿ ಅದ. ನೀವ ತಂದು ಕೊಟ್ಟಿದ್ರಿ. ಅದನ್ನೂ ಎಲಿ ಜೋಡಿ ಸುಟ್ಟ್ರೇನು?"

"ಏನ್ ಮಾತಾಡ್ತಿದೀರಾ ನೀವು? ಅದು ನಮ್ಮಮ್ಮಂದು! ಅದಕ್ಕೂ ಇದಕ್ಕೂ ಹೋಲಿಸ್ತೀರಾ? ಇದು ಯಾರೋ ಕೆಲಸದವಳ ಮನೆಯೋರದ್ದು."

"ಹಾಂ. ಈಗ ಖರೇ ಮಾತು ಹೊರಗ ಬಿತ್ತು ನೋಡ್ರಿ. ಸತ್ತವರದು ಅಂತಲ್ಲ ನಿಮ್ಮ ತ್ರಾಸು. ಕರಿಯರದು ಅಂತ. ಕರಿಯರ ಪಟಕ್ಕ ಹಾರ ಹಾಕ್ತೀರಿ, ಅವರ ಮಾರಿ ಮಾತ್ರ ಬ್ಯಾಡ ನಿಮಗ!"

ಅವಳ ದನಿ ಹೊರಗೆ ಕೇಳಿಸಿರಬೇಕು. ಬದರೀನಾಥ ಒಳಗೆ ಬಂದರು, ಹಿಂದೆಯೇ ಮಧುಕರ. ಅಧ್ಯಕ್ಷರ ರೇಷ್ಮೆ ಶಲ್ಯ ಭುಜದಿಂದ ಜಾರುತ್ತಿತ್ತು.

"ಏನ್ರೀ ಇದು ಗಲಾಟೆ? ಚೀಫ್ ಗೆಸ್ಟ್ ಗೇಟ್ ಹತ್ರ ಬಂದಾಯ್ತು." ಹೆಂಡತಿ ಎರಡು ಮಾತಿನಲ್ಲಿ ಹೇಳಿದ್ದನ್ನು ಕೇಳಿ ಅವರು ನಕ್ಕರು. "ಇಷ್ಟೇನಾ! ಆ ಅಜ್ಜಿಗೆ ಹೊಸ ಕೋಟ್ ಕೊಡಿಸೋಣ, ಒಂದಲ್ಲ, ಎರಡು. ಮಧುಕರ್, ನಿಮ್ಮ ಮನೆಯವ್ರಿಗೆ ಸ್ವಲ್ಪ ಹೇಳಿ."

ಮಧುಕರ ಹೆಂಡತಿಯ ಮೊಣಕೈ ಹಿಡಿದ. "ಸುಮ್ಮನಿರು ಶಾಂತಾ. ಆಗಿದ್ದು ಆಗಿಹೋತು. ಮನಿಗೆ ಹೋಗಿ ಮಾತಾಡೂಣು."

"ಕೈ ಬಿಡ್ರಿ."

"ನನ್ನ ನೌಕರಿ ವಿಚಾರರ ಮಾಡು."

"ಕೈ ಬಿಡ್ರಿ ಅಂದೆ!"

ಅವನು ಬಿಟ್ಟ. ಅವಳು ಹೊರಗೆ ಬಂದಾಗ ಶೋಶೋ ಕುರ್ಚಿಯಲ್ಲಿರಲಿಲ್ಲ. ಪಟವನ್ನು ಹತ್ತಿರದಿಂದ ನೋಡಬೇಕೆಂದು ಹಟ ಮಾಡಿ, ಮಗಳ ಕೈ ಹಿಡಿದು, ರಿಬ್ಬನ್ನಿನ ಕೆಳಗೆ ಬಗ್ಗಿ ವೇದಿಕೆ ಹತ್ತಿಬಿಟ್ಟಿದ್ದಳು. ನ್ಯೋಕಾಬಿಯ ಮುಖ ಇಳಿದುಹೋಗಿತ್ತು. ಅವಳಿಗೆ ಆಗಲೇ ಕಂಡಿತ್ತು. ತಾಯಿಗೆ ಹೇಳುವ ಧೈರ್ಯವಿರಲಿಲ್ಲ. ಕಾರ್ಯದರ್ಶಿ ಕೆಳಗಿನಿಂದ "ಮಮಾ, ಪ್ಲೀಸ್, ಕಮ್ ಡೌನ್," ಎಂದು ಕೈಸನ್ನೆ ಮಾಡುತ್ತಿದ್ದರು. ಮುದುಕಿ ಕೇಳಿಸಿಕೊಳ್ಳಲಿಲ್ಲ. ಗಂಧದ ಹಾರವನ್ನು ಪಕ್ಕಕ್ಕೆ ಸರಿಸಿ, ಕೈ ಎತ್ತಿ, ಕಿಮಾಥಿಯ ಕೆನ್ನೆಯ ಮೇಲೆ ಅಂಗೈ ಇಟ್ಟಳು.

ಇಟ್ಟವಳು ಒಮ್ಮೆ ಸವರಿದಳು. ಮತ್ತೆ ಸವರಿದಳು. ಮೂಗು ಹತ್ತಿರ ಒಯ್ದು ಮೂಸಿದಳು. ಆಮೇಲೆ ಅಂಗೈಯನ್ನು ಉಡುಪಿಗೆ ಒರೆಸಿಕೊಂಡು ತಿರುಗಿ ನಿಂತಳು.

"ಇವನು ಯಾರು?" ಎಂದು ಸ್ವಾಹಿಲಿಯಲ್ಲೇ ಕೇಳಿದಳು. ಮೊದಲ ಸಾಲುಗಳಲ್ಲಿ ಕೂತವರೆಲ್ಲರಿಗೂ ಕೇಳಿಸಿತು.

ಬಾಗಿಲಲ್ಲಿ ಮುಖ್ಯ ಅತಿಥಿ, ದಪ್ಪ ಕನ್ನಡಕದ ಹೆಂಗಸೊಬ್ಬರು, ಕಲ್ಲುಸಕ್ಕರೆಯನ್ನು ಕೈಯಲ್ಲಿಟ್ಟುಕೊಂಡೇ ನಿಂತಿದ್ದರು. ಶಾಂತಾ ತಟ್ಟೆಯಿಂದ ಕತ್ತರಿ ಎತ್ತಿಕೊಂಡಳು. ರಿಬ್ಬನ್ನನ್ನು ದಾಟಿ ಮೇಲೆ ಹತ್ತಿದಳು. ಬದರೀನಾಥ "ಶಾಂತಾ ಅವ್ರೇ!" ಎಂದು ಕೂಗಿದ್ದು ಕೇಳಿಸಿತು. ಕೂಗಿಕೊಳ್ಳಲಿ. ಹಾರವನ್ನು ಕಿತ್ತು ಎಸೆದು, ಕತ್ತರಿಯ ತುದಿಯನ್ನು ರೇಷ್ಮೆಯ ಗಲ್ಲಕ್ಕೆ ಚುಚ್ಚಿ, ಒಂದೇ ಉಸಿರಿಗೆ ಸುತ್ತಲೂ ಕತ್ತರಿಸಿದಳು. ಗೋಧಿ ಬಣ್ಣದ ಮುಖ ಅವಳ ಕೈಗೆ ಬಂತು. ಜಡೆಗಟ್ಟಿದ ಕೂದಲಿನ ಕೆಳಗೆ ಸಭಾಂಗಣದ ಸುಣ್ಣದ ಗೋಡೆ ಕಾಣಿಸಿತು.

"ನೋಡ್ರಿ," ಎಂದಳು, ಗಂಟಲು ಹರಿಯುವ ಹಾಗೆ. ಮೈಕು ಬೇಕಾಗಲಿಲ್ಲ. "ನಾ ಮಾಡಿದ ಮಾರಿ ಈ ಅಜ್ಜಿ ಗಂಡನ ಕೋಟಿಂದು. ಕಾಡಿನೊಳಗ ಹಾಕ್ಕೊಂಡಿದ್ದ ಕೋಟು. ನಮ್ಮ ಅಧ್ಯಕ್ಷರ ಮನಿಯವರಿಗೆ ಅದು ಮೈಲಿಗಿ ಅನಿಸ್ತಂತ. ಕಪ್ಪಗಿತ್ತಂತ. ಎಲಿ ಜೋಡಿ ಸುಟ್ಟುಬಿಟ್ಟಾರ. ಸುಟ್ಟು, ಈ ರೇಷ್ಮಿ ಮಾರಿ ಅಂಟಿಸಿ, ಹಾರ ಹಾಕ್ಯಾರ. ಇದು ನೋಡ್ರಿ ನಾವು ಇವರಿಗೆ ಮಾಡೋ ಗೌರವ! ಇದಕ್ಕ ಚಪ್ಪಾಳಿ ಹೊಡಿಲಿಕ್ಕೆ ಬಂದೀರೇನು? ಹೊಡೀರಿ!"

ಯಾರ ಕೈಯೂ ಮೇಲೇಳಲಿಲ್ಲ. ಹಿಂದೆ ಯಾರೋ "ಇದೆಲ್ಲಾ ಇಲ್ಲಿ ಬೇಕಿತ್ತಾ," ಎಂದು ಗೊಣಗಿದರು. ಜಾಹ್ನವಿ ಕೋಣೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಶಾಂತಾ ಅದೇ ಮಾತನ್ನು ಸ್ವಾಹಿಲಿಯಲ್ಲಿ ಹೇಳಲು ತಿರುಗಿದಳು. ಸಿಟ್ಟಿನಲ್ಲಿ ಪದಗಳು ಕೈಕೊಟ್ಟವು. ಕೋಟು, ಎಂದಳು. ಬೆಂಕಿ, ಎಂದಳು. ಜಾಹ್ನವಿಯ ಕಡೆ ಬೆರಳು ಮಾಡಿ, ಅವಳು, ಎಂದಳು. ಅಷ್ಟು ಸಾಕಾಗಿತ್ತು.

ಶೋಶೋ ಆ ಬೆರಳು ತೋರಿಸಿದ ಕಡೆ ನೋಡಲೇ ಇಲ್ಲ. ಶಾಂತಾಳನ್ನೇ ನೋಡುತ್ತಿದ್ದಳು. ತನ್ನ ಪರವಾಗಿ ಇಷ್ಟು ದೊಡ್ಡ ಸಭೆಯನ್ನು ಎದುರು ಹಾಕಿಕೊಂಡವಳನ್ನು ಮುದುಕಿ ತಬ್ಬಿಕೊಳ್ಳುತ್ತಾಳೆ, ಇಲ್ಲವೇ ತಲೆ ಮೇಲೆ ಕೈ ಇಡುತ್ತಾಳೆ ಎಂದು ಶಾಂತಾಳ ಮನಸ್ಸಿನ ಯಾವುದೋ ಮೂಲೆ ಕಾಯುತ್ತಿತ್ತು. ಸುಳ್ಳೇಕೆ, ಕಾಯುತ್ತಿತ್ತು.

ಮುದುಕಿ ಮೆಲ್ಲಗೆ ಮಾತಾಡಿದಳು. ನ್ಯೋಕಾಬಿ ತಲೆ ತಗ್ಗಿಸಿ ಸ್ವಾಹಿಲಿಗೆ ತಂದಳು.

"ಆ ಹೆಂಗಸು ಯಾರೆಂದು ನನಗೆ ಗೊತ್ತಿಲ್ಲ. ಅವಳು ನನ್ನ ಬಾಗಿಲಿಗೆ ಬಂದಿರಲಿಲ್ಲ."

"ಶೋಶೋ..."

"ಬಂದವಳು ನೀನು. ನಾನು ಬೇಡ ಅಂದೆ, ನೀನು ಮತ್ತೆ ಬಂದೆ. ಬಾಗಿಲು ತೆಗೆಯಲಿಲ್ಲ. ಮತ್ತೆ ಬಂದೆ. ನನ್ನ ಬೀನ್ಸ್ ಬಿಡಿಸಿದೆ. ನಿನ್ನ ಅಜ್ಜಿಯ ಕತೆ ಹೇಳಿದೆ. ನಾನು ಕೊಟ್ಟದ್ದು ನಿನ್ನ ಕೈಗೆ. ನೀನು ಯಾರ ಕೈಗೆ ಕೊಟ್ಟೆ?"

"ಫ್ರೇಮ್ ಹಾಕಿಸುತ್ತೇನೆಂದು ಒಯ್ದರು, ನನಗೇನು ಗೊತ್ತು..." ಎಂದಳು ಶಾಂತಾ. ಎದುರಿಗಿದ್ದವರೆಲ್ಲರ ಮೇಲೂ ಹರಿಯುತ್ತಿದ್ದ ಸಿಟ್ಟು ಈಗ ಎಲ್ಲಿಗೆ ಹರಿಯಬೇಕೋ ತಿಳಿಯದೆ ಎದೆಯಲ್ಲೇ ನಿಂತುಬಿಟ್ಟಿತು. "ಪೋಲೆ, ಶೋಶೋ. ಪೋಲೆ ಸಾನಾ." ತಪ್ಪಾಯಿತು, ಬಹಳ ತಪ್ಪಾಯಿತು.

"ಪೋಲೆ ಬೇಡ ನನಗೆ. ಬಿಳಿಯರ ಸಿಪಾಯಿ ಕೂಡ ಪೋಲೆ ಅಂದಿದ್ದ." ಮುದುಕಿ ಒಂದು ಹೆಜ್ಜೆ ಮುಂದೆ ಬಂದಳು. "ನಾಳೆ ಬೆಳಿಗ್ಗೆ ಬಾ. ನನ್ನ ಬಾಗಿಲಲ್ಲಿ ನಿಂತು ಕೋಟು ಕೇಳು."

"ಕೋಟು ಇಲ್ಲವಲ್ಲ, ಶೋಶೋ. ಸುಟ್ಟುಹೋಯಿತಲ್ಲ."

"ಕೇಳು ಅಂದೆ. ನಾನು ಕೊಡುವುದಿಲ್ಲ ಅನ್ನಬೇಕು."

ಅಷ್ಟು ಹೇಳಿ ಅವಳು ಮಗಳ ಕೈ ಹಿಡಿದು ವೇದಿಕೆ ಇಳಿದಳು. ಬದರೀನಾಥ ದಾರಿಯಲ್ಲಿ ನಿಂತು ಜೇಬಿಗೆ ಕೈ ಹಾಕಿದರು. ಅವಳು ಗೋಡೆಯನ್ನು ಬಳಸಿ ಹೋಗುವ ಹಾಗೆ ಅವರನ್ನು ಬಳಸಿಕೊಂಡು ಹೋದಳು. ಮುಖ್ಯ ಅತಿಥಿ ಕಲ್ಲುಸಕ್ಕರೆಯನ್ನು ಕಿಟಕಿಯ ಅಂಚಿನಲ್ಲಿ ಇಟ್ಟು, ಅವಳ ಹಿಂದೆಯೇ ಹೊರಟರು. ಶಾಂತಾ ಕಾರಿನಲ್ಲಿ ಬಿಡುತ್ತೇನೆಂದು ಓಡಿದಳು. ಶೋಶೋ ತಿರುಗಿ ನೋಡಲಿಲ್ಲ. ರಸ್ತೆಯಲ್ಲಿ ನಿಂತ ಮಟಾಟು ವ್ಯಾನು ಹತ್ತಿ ಹೋದಳು.

ಆ ಸಂಜೆ ಮನೆಯಲ್ಲಿ ಮಧುಕರ ಬಾಯಿ ಬಿಟ್ಟದ್ದು ಒಂದೇ ಸಲ. "ನಾಳೆ ಹೋಗಬ್ಯಾಡ. ಸುಟ್ಟದ್ದನ್ನ ಬೇಡಲಿಕ್ಕೆ ಹೋಗೂದಂದ್ರೇನು? ಓಣಿ ಮಂದಿ ಎದುರು ಮಾನ ಕಳಕೊಳ್ಳಲಿಕ್ಕೆ?"

"ಹೌದು," ಎಂದಳು ಶಾಂತಾ. "ಕಳಕೊಳ್ಳಲಿಕ್ಕೆ."

ಬೆಳಿಗ್ಗೆ ಅವನು ಕಾರಿನ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಕಾರ್ಖಾನೆಗೆ ಹೋದ. ಅವಳು ವೆಸ್ಟ್‌ಲ್ಯಾಂಡ್ಸ್‌ಗೆ ನಡೆದುಹೋಗಿ ಮಟಾಟು ಹಿಡಿದಳು. ದಾರಿಯುದ್ದಕ್ಕೂ ಅವಳಿಗೆ ಸಿಟ್ಟೇ. ಜಾಹ್ನವಿಯ ಮೇಲೆ, ಬದರೀನಾಥರ ಎರಡು ಹೊಸ ಕೋಟಿನ ಮೇಲೆ, ಮೊಣಕೈ ಹಿಡಿದ ಗಂಡನ ಮೇಲೆ, ಕಾಫಿ ಕೊಟ್ಟು ಕತೆ ಹೇಳಿದ ತನ್ನ ಹಾಳು ನಾಲಗೆಯ ಮೇಲೆ. ಮುದುಕಿಯ ಮೇಲೂ ಇತ್ತು, ನಿಜ. ಇಷ್ಟೆಲ್ಲ ಮಾಡಿದ ಮೇಲೂ ತನ್ನನ್ನೇ ಕಟಕಟೆಗೆ ಎಳೆದಳಲ್ಲ ಎಂದು. ಕಾಂಗೆಮಿಯಲ್ಲಿ ಇಳಿಯುವ ಹೊತ್ತಿಗೆ ಆ ಒಂದು ಸಿಟ್ಟು ಮಾತ್ರ ಕರಗಿತ್ತು. ಮಿಕ್ಕವು ಹಾಗೇ ಇದ್ದವು.

ರಾತ್ರಿ ಮಳೆ ಬಿದ್ದು ಓಣಿ ಕೆಸರಾಗಿತ್ತು. ಶೋಶೋಳ ಮನೆಯ ಬಾಗಿಲು ಹಾಕಿತ್ತು. ನೀರು ಹಿಡಿಯಲು ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಅವರಿಗೆಲ್ಲ ಸುದ್ದಿ ಮುಟ್ಟಿತ್ತು ಎಂದು ಅವರ ಮುಖಗಳೇ ಹೇಳುತ್ತಿದ್ದವು. ಶಾಂತಾ ತಗಡಿನ ಬಾಗಿಲು ಬಡಿದಳು.

ಬಾಗಿಲು ತೆರೆಯಿತು. ಶೋಶೋ ಹೊಸ್ತಿಲಲ್ಲಿ ನಿಂತಳು. ನಿನ್ನೆಯ ಹೊಸ ತಲೆವಸ್ತ್ರವನ್ನೇ ಕಟ್ಟಿಕೊಂಡಿದ್ದಳು. ಅವಳ ಹಿಂದೆ ನ್ಯೋಕಾಬಿ ಇದ್ದಳು. ಈ ದಿನ ಅವಳು ಕೆಲಸಕ್ಕೆ ಬಂದಿರಲಿಲ್ಲ, ಬರುವುದೂ ಇಲ್ಲ ಎಂದು ಅವಳ ಕಣ್ಣು ನೋಡಿದ ಕೂಡಲೇ ಶಾಂತಾಳಿಗೆ ಗೊತ್ತಾಯಿತು.

"ಶೋಶೋ, ನಿನ್ನ ಗಂಡನ ಕೋಟು ಕೊಡು," ಎಂದಳು ಶಾಂತಾ.

"ಕೇಳಿಸಲಿಲ್ಲ."

ನಲ್ಲಿಯ ಹತ್ತಿರದ ಹೆಂಗಸರು ಇನ್ನೂ ಹತ್ತಿರ ಬಂದರು. ಶಾಂತಾ ಕೆಸರಿನಲ್ಲಿ ಒಂದು ಹೆಜ್ಜೆ ಮುಂದಿಟ್ಟಳು. ತಲೆ ಎತ್ತಿ, ಇನ್ನೂ ಜೋರಾಗಿ ಕೇಳಿದಳು.

"ನಿನ್ನ ಗಂಡನ ಕೋಟು ಕೊಡು, ಶೋಶೋ. ಕಿಮಾಥಿಯ ಮುಖ ಮಾಡಬೇಕು."

ಮುದುಕಿ ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡು ನೆಟ್ಟಗೆ ನಿಂತಳು.

"ಹಪಾನಾ," ಎಂದಳು. ಆ ಇಲ್ಲ ಓಣಿಗೆಲ್ಲ ಕೇಳಿಸಿತು. "ಕೊಡುವುದಿಲ್ಲ. ಅದು ನನ್ನದು." ಆಮೇಲೆ ಬಾಗಿಲು ಹಾಕಿಕೊಂಡು ಒಳಗಿನಿಂದ ಚಿಲಕ ಜಡಿದಳು.